ಪಟ್ಟೆ ಬಾಸ್ ಪುನಶ್ಚೇತನ

ಪಟ್ಟೆ ಬಾಸ್ ಪುನಶ್ಚೇತನವೆಂದರೆ, ಉತ್ತರ ಅಮೆರಿಕದ ಅಟ್ಲಾಂಟಿಕ್ ಕರಾವಳಿಯಲ್ಲಿ 1970ರ ದಶಕದಲ್ಲಿ ಕುಸಿದ ಪಟ್ಟೆ ಬಾಸ್ ಎಂಬ ಬೇಟೆ ಮೀನಿನ ಸಂತತಿಯನ್ನು ಮೀನುಗಾರಿಕೆಯ ಕಡಿವಾಣ, ನದಿ ಶುದ್ಧೀಕರಣ, ಮರಿ ಬಿತ್ತನೆ ಹಾಗೂ ಸತತ ಸಮೀಕ್ಷೆಗಳ ಮೂಲಕ ಮತ್ತೆ ಬೆಳೆಸಿದ ಕಾರ್ಯಕ್ರಮ. 1981ರಲ್ಲಿ ಮೊದಲ ಅಂತರರಾಜ್ಯ ಯೋಜನೆಯೊಂದಿಗೆ ಆರಂಭವಾದ ಈ ಕೆಲಸ 1995ರಲ್ಲಿ ಸಂತತಿ ಚೇತರಿಸಿಕೊಂಡಿದೆ ಎಂಬ ಘೋಷಣೆಯವರೆಗೆ ಮುಟ್ಟಿತು. 2019ರಲ್ಲಿ ಅದೇ ಸಂತತಿ ಮತ್ತೆ ಮಿತಿಗಿಂತ ಕೆಳಗಿಳಿದಿದೆಯೆಂದು ತಿಳಿದುಬಂದ ಮೇಲೆ ಎರಡನೆಯ ಸುತ್ತಿನ ಪ್ರಯತ್ನ ನಡೆಯುತ್ತಿದೆ. ಕರಾವಳಿಯ ಬೇಟೆ ಮೀನುಗಳನ್ನು ಉಳಿಸುವ ಯತ್ನಗಳಲ್ಲಿ ಅತಿ ಹೆಚ್ಚು ದಾಖಲೆಗಳಿರುವ ಪ್ರಕರಣಗಳಲ್ಲಿ ಇದೂ ಒಂದು.

ಮೀನಿನ ಪರಿಚಯ

ಪಟ್ಟೆ ಬಾಸ್ ಮೊರೋನಿಡೀ ಕುಟುಂಬಕ್ಕೆ ಸೇರಿದ ಮೀನು. ಇದರ ಶಾಸ್ತ್ರೀಯ ಹೆಸರು ಮೊರೋನ್ ಸ್ಯಾಕ್ಸಟಿಲಿಸ್. ಬೆಳ್ಳಿ ಬಣ್ಣದ ಪಕ್ಕೆಗಳ ಮೇಲೆ ಕಿವಿರಿನ ಹಿಂದಿನಿಂದ ಬಾಲದವರೆಗೆ ಏಳೆಂಟು ಕಪ್ಪು ಗೆರೆಗಳು ಓಡುತ್ತವೆ. ಚೆಸಪೀಕ್ ಕೊಲ್ಲಿಯ ಸುತ್ತಲಿನವರು ಇದನ್ನು ರಾಕ್‌ಫಿಶ್ ಎಂದೂ, ಉತ್ತರದ ರಾಜ್ಯಗಳವರು ಸ್ಟ್ರೈಪರ್ ಎಂದೂ ಕರೆಯುತ್ತಾರೆ. ಕೆನಡಾದ ಸೇಂಟ್ ಲಾರೆನ್ಸ್ ನದಿಯಿಂದ ಫ್ಲಾರಿಡಾದ ಸೇಂಟ್ ಜಾನ್ಸ್ ನದಿಯವರೆಗಿನ ಅಟ್ಲಾಂಟಿಕ್ ತೀರ ಇದರ ಸಹಜ ನೆಲೆ. ಮೆಕ್ಸಿಕೋ ಕೊಲ್ಲಿಗೆ ಹರಿಯುವ ಕೆಲವು ನದಿಗಳಲ್ಲಿಯೂ ಪ್ರತ್ಯೇಕ ಸಂತತಿಗಳಿವೆ. ಪೆಸಿಫಿಕ್ ತೀರದಲ್ಲಿರುವ ಮೀನುಗಳು 1879ರಲ್ಲಿ ನ್ಯೂ ಜೆರ್ಸಿಯಿಂದ ರೈಲಿನಲ್ಲಿ ಸಾಗಿಸಿ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ನೀರಿಗೆ ಬಿಟ್ಟ ಮರಿಗಳ, ಅನಂತರ ಇನ್ನೊಮ್ಮೆ ಬಿಟ್ಟ ಮರಿಗಳ ವಂಶ.

ಇದು ಮೂವತ್ತು ವರ್ಷದವರೆಗೆ ಬದುಕಬಲ್ಲದು. ದಾಖಲಾದ ಅತಿ ದೊಡ್ಡ ಮೀನುಗಳು 1891ರಲ್ಲಿ ಉತ್ತರ ಕ್ಯಾರೊಲೈನಾದ ಈಡೆಂಟನ್ ಬಳಿ ಸಿಕ್ಕಿದ್ದವು; ಅವುಗಳ ತೂಕ ಸುಮಾರು 57 ಕಿಲೋ. ಎಳೆಯ ಮೀನಿನ ಆಹಾರ ಸಿಗಡಿ ಮತ್ತು ಸಣ್ಣ ಜೀವಿಗಳು. ಬೆಳೆದ ಮೀನು ಮೆನ್‌ಹೇಡನ್, ಹೆರ್ರಿಂಗ್, ಆಂಕೊವಿಯಂತಹ ಹಿಂಡು ಮೀನುಗಳನ್ನು ಬೆನ್ನಟ್ಟಿ ತಿನ್ನುತ್ತದೆ.

ಜೀವನಚಕ್ರ

ಪಟ್ಟೆ ಬಾಸ್ ಬೆಳೆಯುವುದು ಸಮುದ್ರದಲ್ಲಿ, ಮೊಟ್ಟೆಯಿಡುವುದು ನದಿಯಲ್ಲಿ. ಏಪ್ರಿಲ್‌ನಿಂದ ಜೂನ್ ನಡುವೆ ನೀರು 15 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಬೆಚ್ಚಗಾದಾಗ ಮೀನುಗಳು ಅಳಿವೆ ದಾಟಿ ಸಿಹಿನೀರಿಗೆ ಏರುತ್ತವೆ. ದೊಡ್ಡ ಹೆಣ್ಣೊಂದು ಒಂದು ಋತುವಿನಲ್ಲಿ ಹತ್ತಾರು ಲಕ್ಷ ಮೊಟ್ಟೆಗಳನ್ನು ಇಡುತ್ತದೆ. ಮೊಟ್ಟೆಗಳು ಪೂರ್ತಿ ತೇಲುವವೂ ಅಲ್ಲ, ಪೂರ್ತಿ ಮುಳುಗುವವೂ ಅಲ್ಲ. ಒಡೆಯುವವರೆಗಿನ ಎರಡು ಮೂರು ದಿನ ಅವುಗಳನ್ನು ನಡುನೀರಿನಲ್ಲಿ ಎತ್ತಿ ಹಿಡಿಯುವುದು ನದಿಯ ಹರಿವೇ. ಹರಿವು ಸಾಲದಿದ್ದರೆ ಮೊಟ್ಟೆ ತಳ ಸೇರಿ ಹೂಳಿನಲ್ಲಿ ಉಸಿರುಗಟ್ಟಿ ಸಾಯುತ್ತದೆ. ಮೊಟ್ಟೆಯೊಡೆದ ಬಳಿಕದ ಮೊದಲ ಕೆಲವು ವಾರಗಳಲ್ಲಿ ತಿನ್ನಲು ತಕ್ಕ ಸೂಕ್ಷ್ಮ ಪ್ರಾಣಿಗಳು ನೀರಿನಲ್ಲಿ ಇದ್ದರೆ ಮಾತ್ರ ಮರಿ ಉಳಿಯುತ್ತದೆ. ಚಳಿಗಾಲ ಚಳಿಯಿಂದಲೂ ವಸಂತ ಮಳೆಯಿಂದಲೂ ಕೂಡಿದ್ದ ವರ್ಷಗಳಲ್ಲಿ ಮೊಟ್ಟೆಯೊಡೆಯುವ ಕಾಲವೂ ಸೂಕ್ಷ್ಮ ಪ್ರಾಣಿಗಳು ಹೆಚ್ಚುವ ಕಾಲವೂ ಹೆಚ್ಚಾಗಿ ಕೂಡಿಬರುತ್ತವೆ. ಬೆಚ್ಚಗಿನ, ಒಣ ವರ್ಷಗಳಲ್ಲಿ ತಪ್ಪಿಹೋಗುತ್ತವೆ. ಆದ್ದರಿಂದ ಪಟ್ಟೆ ಬಾಸ್ ಸಂತತಿ ಪ್ರತಿ ವರ್ಷ ಒಂದೇ ಪ್ರಮಾಣದಲ್ಲಿ ಬೆಳೆಯುವುದಿಲ್ಲ. ಹಲವು ಬಡ ವರ್ಷಗಳ ನಡುವೆ ಬರುವ ಒಂದು ತುಂಬು ವರ್ಷದ ಮರಿಗಳೇ ಮುಂದೆ ಹತ್ತು ವರ್ಷದ ಮೀನುಗಾರಿಕೆಯನ್ನು ಹೊರುತ್ತವೆ. ಒಂದೇ ವರ್ಷ ಹುಟ್ಟಿದ ಮೀನುಗಳ ಗುಂಪನ್ನು ಈ ಲೇಖನದಲ್ಲಿ ‘ವರ್ಷಪೀಳಿಗೆ’ ಎಂದು ಕರೆದಿದೆ.

ಗಂಡು ಎರಡು ಮೂರು ವರ್ಷಕ್ಕೆ ಬಲಿಯುತ್ತದೆ. ಹೆಣ್ಣು ಬಲಿಯಲು ನಾಲ್ಕರಿಂದ ಎಂಟು ವರ್ಷ ಬೇಕು. ಬೆಳೆದ ಹೆಣ್ಣುಗಳು ಬೇಸಗೆಯಲ್ಲಿ ಉತ್ತರಕ್ಕೆ ಮೇನ್ ರಾಜ್ಯದವರೆಗೂ ಹೋಗಿ, ಚಳಿಗಾಲದಲ್ಲಿ ವರ್ಜೀನಿಯಾ ಮತ್ತು ಉತ್ತರ ಕ್ಯಾರೊಲೈನಾದ ಕಡಲಿಗೆ ಇಳಿಯುತ್ತವೆ. ಒಂದು ರಾಜ್ಯದ ನದಿಯಲ್ಲಿ ಹುಟ್ಟಿದ ಮೀನನ್ನು ಇನ್ನೊಂದು ರಾಜ್ಯದವರು ಹಿಡಿಯುವ ಈ ಸ್ಥಿತಿಯೇ ಮುಂದಿನ ಕಾನೂನಿಗೆ ಕಾರಣವಾಯಿತು. ಅಟ್ಲಾಂಟಿಕ್ ತೀರದ ಪಟ್ಟೆ ಬಾಸ್‌ಗಳಲ್ಲಿ ಬಹುಪಾಲು ಚೆಸಪೀಕ್ ಕೊಲ್ಲಿಗೆ ಸೇರುವ ನದಿಗಳಲ್ಲಿ ಹುಟ್ಟಿದವು. ಹಡ್ಸನ್ ಮತ್ತು ಡೆಲವೇರ್ ನದಿಗಳದ್ದು ಅನಂತರದ ಸ್ಥಾನ.

ಕುಸಿತ

ಈ ಮೀನಿಗೆ ಕಾನೂನಿನ ರಕ್ಷಣೆ ಹೊಸದಲ್ಲ. ಪಟ್ಟೆ ಬಾಸ್ ಮತ್ತು ಕಾಡ್ ಮೀನುಗಳನ್ನು ಹೊಲಕ್ಕೆ ಗೊಬ್ಬರವಾಗಿ ಹಾಕುವುದನ್ನು ಮ್ಯಾಸಚೂಸೆಟ್ಸ್ ವಸಾಹತು 1639ರಲ್ಲಿಯೇ ನಿಷೇಧಿಸಿತ್ತು. ಮುಂದಿನ ಮೂರು ಶತಮಾನಗಳಲ್ಲಿ ಅಣೆಕಟ್ಟು, ಕಾರ್ಖಾನೆ, ಊರ ಕೊಳಚೆ ಎಲ್ಲವೂ ಸೇರಿ ಹಲವು ನದಿಗಳ ಸಂತತಿಗಳನ್ನು ಅಳಿಸಿದವು. ಆದರೂ ಚೆಸಪೀಕ್‌ನ ಮೀನು ಉಳಿದಿತ್ತು.

1970ರ ವರ್ಷಪೀಳಿಗೆ ಬಲು ದೊಡ್ಡದು. ಅದರ ಬಲದಿಂದ 1973ರಲ್ಲಿ ಅಟ್ಲಾಂಟಿಕ್ ತೀರದ ವೃತ್ತಿ ಮೀನುಗಾರರ ಹಿಡುವಳಿ ಸುಮಾರು 6,700 ಟನ್ನಿಗೆ ಏರಿತು. ಆ ಏರಿಕೆಯ ಹಿಂದೆ ಇಳಿಕೆ ಆಗಲೇ ಶುರುವಾಗಿತ್ತು: 1970ರ ನಂತರ ನದಿಗಳಲ್ಲಿ ಮರಿಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದರೂ ಹಿಡಿಯುವುದು ಕಡಿಮೆಯಾಗಲಿಲ್ಲ. ಆಗ ಚೆಸಪೀಕ್‌ನಲ್ಲಿ ಹೆಣ್ಣು ಒಮ್ಮೆಯೂ ಮೊಟ್ಟೆಯಿಡದ ಪ್ರಾಯದಲ್ಲೇ ಬಲೆಗೆ ಸಿಗುವಷ್ಟು ಸಣ್ಣ ಮೀನನ್ನು ಹಿಡಿಯಲು ಅವಕಾಶವಿತ್ತು. ಹತ್ತು ವರ್ಷದಲ್ಲಿ ಹಿಡುವಳಿ 1973ರ ನಾಲ್ಕನೆಯ ಒಂದು ಭಾಗಕ್ಕಿಂತಲೂ ಕೆಳಗಿಳಿಯಿತು.

ಕಾರಣದ ಬಗ್ಗೆ ಆಗ ಎರಡು ವಾದಗಳಿದ್ದವು. ಮಿತಿಮೀರಿದ ಮೀನುಗಾರಿಕೆ ಎಂಬುದು ಒಂದು; ಆಮ್ಲ ಮಳೆ, ಅದರಿಂದ ನೀರಿಗೆ ಬಿಡುಗಡೆಯಾಗುವ ಅಲ್ಯೂಮಿನಿಯಂ ಮತ್ತು ಇತರ ವಿಷಗಳು ಮರಿಗಳನ್ನು ಕೊಲ್ಲುತ್ತಿವೆ ಎಂಬುದು ಇನ್ನೊಂದು. ಅಮೆರಿಕದ ಸಂಸತ್ತು 1979ರಲ್ಲಿ ತುರ್ತು ಅಧ್ಯಯನಕ್ಕೆ ಹಣ ಒದಗಿಸಿತು. ಕೆಲವು ನದಿಗಳಲ್ಲಿ ವಿಷಕಾರಿ ನೀರು ಮರಿಗಳನ್ನು ಕೊಲ್ಲುವುದು ಪ್ರಯೋಗಗಳಲ್ಲಿ ಕಂಡುಬಂತು. ಆದರೆ ನೀರಿನ ಗುಣ ಹೆಚ್ಚೇನೂ ಬದಲಾಗುವ ಮೊದಲೇ, ಹಿಡಿಯುವುದನ್ನು ನಿಲ್ಲಿಸಿದ ಕೆಲವೇ ವರ್ಷಗಳಲ್ಲಿ ಸಂತತಿ ಏರಿದ್ದು ಮೊದಲನೆಯ ವಾದಕ್ಕೇ ಹೆಚ್ಚು ಬಲ ಕೊಡುತ್ತದೆ.

ಕಾನೂನಿನ ಚೌಕಟ್ಟು

ಅಮೆರಿಕದ ಅಟ್ಲಾಂಟಿಕ್ ಕರಾವಳಿಯಲ್ಲಿ ತೀರದಿಂದ ಮೂರು ನಾಟಿಕಲ್ ಮೈಲಿಯವರೆಗಿನ ಸಮುದ್ರ ಆಯಾ ರಾಜ್ಯದ ಆಡಳಿತಕ್ಕೆ ಸೇರುತ್ತದೆ. ವಲಸೆ ಹೋಗುವ ಮೀನಿಗೆ ಸಂಬಂಧಿಸಿದಂತೆ ರಾಜ್ಯಗಳ ನಡುವೆ ಹೊಂದಾಣಿಕೆ ತರಲು ಅಟ್ಲಾಂಟಿಕ್ ರಾಜ್ಯಗಳ ಸಾಗರ ಮೀನುಗಾರಿಕಾ ಆಯೋಗ 1942ರಿಂದ ಇದೆ. 1981ರಲ್ಲಿ ಆಯೋಗ ಪಟ್ಟೆ ಬಾಸ್‌ಗೆ ಮೊದಲ ನಿರ್ವಹಣಾ ಯೋಜನೆ ಮಾಡಿತು. ಅದನ್ನು ಪಾಲಿಸುವುದು ರಾಜ್ಯಗಳ ಇಚ್ಛೆಗೆ ಬಿಟ್ಟದ್ದಾಗಿತ್ತು. ಒಂದು ರಾಜ್ಯ ಕೈಬಿಟ್ಟರೆ ಉಳಿದವರ ತ್ಯಾಗ ವ್ಯರ್ಥವಾಗುತ್ತಿತ್ತು. 1984ರ ಅಟ್ಲಾಂಟಿಕ್ ಪಟ್ಟೆ ಬಾಸ್ ಸಂರಕ್ಷಣಾ ಕಾಯ್ದೆ ಈ ಕೊರತೆಯನ್ನು ತುಂಬಿತು. ಯೋಜನೆಯನ್ನು ಪಾಲಿಸದ ರಾಜ್ಯದ ನೀರಿನಲ್ಲಿ ಪಟ್ಟೆ ಬಾಸ್ ಮೀನುಗಾರಿಕೆಯನ್ನು ಪೂರ್ತಿ ನಿಲ್ಲಿಸುವ ಅಧಿಕಾರ ಕೇಂದ್ರ ಸರ್ಕಾರಕ್ಕೆ ಸಿಕ್ಕಿತು. ಇದೇ ಮಾದರಿಯನ್ನು 1993ರ ಇನ್ನೊಂದು ಕಾಯ್ದೆ ಅಟ್ಲಾಂಟಿಕ್ ತೀರದ ಇತರ ಮೀನುಗಳಿಗೂ ವಿಸ್ತರಿಸಿತು.

ಮೂರು ಮೈಲಿಯಾಚೆಯ ಸಮುದ್ರ 1990ರಿಂದ ಪಟ್ಟೆ ಬಾಸ್ ಮೀನುಗಾರಿಕೆಗೆ ಮುಚ್ಚಿದೆ.

1982ರ ಪೀಳಿಗೆ ಮತ್ತು ಮೀನುಗಾರಿಕೆ ಸ್ಥಗಿತ

ಪುನಶ್ಚೇತನದ ತಿರುಳು 1985ರಲ್ಲಿ ಯೋಜನೆಗೆ ಮಾಡಿದ ಮೂರನೆಯ ತಿದ್ದುಪಡಿ. ಚೆಸಪೀಕ್‌ನಲ್ಲಿ 1982ರಲ್ಲಿ ಹುಟ್ಟಿದ ಮರಿಗಳು ಅಸಾಧಾರಣ ಸಂಖ್ಯೆಯಲ್ಲೇನೂ ಇರಲಿಲ್ಲ, ಸುತ್ತಲಿನ ಬಡ ವರ್ಷಗಳಿಗೆ ಹೋಲಿಸಿದರೆ ಮಾತ್ರ ಚೆನ್ನಾಗಿದ್ದವು. ಆ ಪೀಳಿಗೆಯ ಹೆಣ್ಣುಗಳಲ್ಲಿ ಶೇ. 95ರಷ್ಟು ಒಮ್ಮೆಯಾದರೂ ಮೊಟ್ಟೆಯಿಡುವವರೆಗೆ ಅದನ್ನು ಕಾಯಬೇಕೆಂದು ತಿದ್ದುಪಡಿ ವಿಧಿಸಿತು. ಅದನ್ನು ಸಾಧಿಸಲು ಎರಡು ದಾರಿಗಳಿದ್ದವು: ಮೀನುಗಾರಿಕೆಯನ್ನೇ ನಿಲ್ಲಿಸುವುದು, ಇಲ್ಲವೇ ಹಿಡಿಯಬಹುದಾದ ಕನಿಷ್ಠ ಉದ್ದವನ್ನು ಆ ಪೀಳಿಗೆ ಬೆಳೆದಂತೆಲ್ಲ ಏರಿಸುತ್ತ ಹೋಗುವುದು. ಎರಡನೆಯ ದಾರಿಯಲ್ಲಿ ಕಾನೂನಿನ ಅಳತೆ 1982ರ ಮೀನಿಗಿಂತ ಸದಾ ಒಂದು ಹೆಜ್ಜೆ ಮುಂದಿರುತ್ತಿತ್ತು.

ಮೇರಿಲ್ಯಾಂಡ್ ಕಠಿಣವಾದ ದಾರಿಯನ್ನು ಆರಿಸಿಕೊಂಡಿತು. 1985ರ ಜನವರಿ 1ರಿಂದ ಅಲ್ಲಿ ಪಟ್ಟೆ ಬಾಸ್ ಹಿಡಿಯುವುದು, ಮಾರುವುದು ಎರಡೂ ನಿಂತವು. ಡೆಲವೇರ್ ಅದೇ ವರ್ಷ ನಿಷೇಧ ಹಾಕಿತು, ವರ್ಜೀನಿಯಾ 1989ರಲ್ಲಿ. ಉತ್ತರದ ರಾಜ್ಯಗಳು ಹೆಚ್ಚಾಗಿ ಅಳತೆ ಏರಿಸುವ ದಾರಿ ಹಿಡಿದವು. ಚೆಸಪೀಕ್‌ನ ಕಂತಬಲೆಯವರಿಗೆ ಚಳಿಗಾಲದ ಮುಖ್ಯ ಆದಾಯವೇ ಈ ಮೀನು. ನಿಷೇಧದ ವರ್ಷಗಳಲ್ಲಿ ಅವರು ಏಡಿ, ಸಿಂಪಿ, ಇತರ ಮೀನುಗಳಿಗೆ ಹೊರಳಬೇಕಾಯಿತು; ಸಿಂಪಿಯೂ ಅದೇ ಕಾಲದಲ್ಲಿ ರೋಗದಿಂದ ಕುಸಿಯುತ್ತಿತ್ತು.

ಮೀನುಗಾರಿಕೆ ಮತ್ತೆ ತೆರೆಯಲು ಷರತ್ತು ಒಂದೇ: ಮುಂದಿನ ಭಾಗದಲ್ಲಿ ವಿವರಿಸಿರುವ ಮೇರಿಲ್ಯಾಂಡ್‌ನ ಮರಿ ಸೂಚ್ಯಂಕದ ಮೂರು ವರ್ಷದ ಸರಾಸರಿ 8ಕ್ಕೆ ಮುಟ್ಟಬೇಕು. 1989ರಲ್ಲಿ ಆ ವರ್ಷದ ಸೂಚ್ಯಂಕ 25 ದಾಟಿ ಸರಾಸರಿಯನ್ನು ಮೇಲೆತ್ತಿತು. ಕೆಲವೇ ಜಾಗಗಳಲ್ಲಿ ಬಲೆಗೆ ಬಿದ್ದ ಭಾರಿ ಗುಂಪುಗಳೇ ಈ ಅಂಕಿಯನ್ನು ಹೆಚ್ಚಿಸಿದ್ದರಿಂದ ಇದನ್ನು ನಂಬಬಹುದೇ ಎಂಬ ಚರ್ಚೆ ನಡೆಯಿತು. ಆದರೂ 1990ರಲ್ಲಿ ಕಡಿಮೆ ಕೋಟಾ, ಕಿರಿದಾದ ಋತುಗಳೊಂದಿಗೆ ಮೀನುಗಾರಿಕೆ ತೆರೆಯಿತು. 1993ರ ಮತ್ತು 1996ರ ದೊಡ್ಡ ಪೀಳಿಗೆಗಳು ಚೇತರಿಕೆಯನ್ನು ಖಚಿತಪಡಿಸಿದವು. ಚೆಸಪೀಕ್ ಸಂತತಿ ಚೇತರಿಸಿಕೊಂಡಿದೆಯೆಂದು 1995ರಲ್ಲಿ, ಡೆಲವೇರ್ ನದಿಯದ್ದು 1998ರಲ್ಲಿ ಘೋಷಣೆಯಾಯಿತು.

ಮರಿ ಸಮೀಕ್ಷೆ

ಮೇರಿಲ್ಯಾಂಡ್ 1954ರಿಂದ ಬಿಡದೆ ನಡೆಸಿಕೊಂಡು ಬಂದಿರುವ ಮರಿ ಸಮೀಕ್ಷೆ ಈ ಎಲ್ಲ ನಿರ್ಧಾರಗಳ ತಳಹದಿ. ಕೊಲ್ಲಿಯ ಮೇಲ್ಭಾಗ ಮತ್ತು ಪೊಟೋಮ್ಯಾಕ್, ಚಾಪ್‌ಟ್ಯಾಂಕ್, ನ್ಯಾಂಟಿಕೋಕ್ ನದಿಗಳಲ್ಲಿ ಗೊತ್ತುಮಾಡಿದ 22 ಜಾಗಗಳಿಗೆ ಜುಲೈ, ಆಗಸ್ಟ್, ಸೆಪ್ಟೆಂಬರ್ ತಿಂಗಳುಗಳಲ್ಲಿ ಹೋಗಿ, ಪ್ರತಿ ಸಲ ಎರಡು ಬಾರಿ ದಡಕ್ಕೆ ಬಲೆ ಎಳೆಯುತ್ತಾರೆ. ನಮ್ಮ ಕರಾವಳಿಯ ಕೈರಂಪಣಿಯನ್ನು ಹೋಲುವ, ಅದಕ್ಕಿಂತ ಬಹಳ ಚಿಕ್ಕದಾದ ಬಲೆ ಅದು. ವರ್ಷಕ್ಕೆ ಒಟ್ಟು 132 ಎಳೆತ. ಅದೇ ವರ್ಷ ಹುಟ್ಟಿದ ಪಟ್ಟೆ ಬಾಸ್ ಮರಿಗಳು ಒಂದು ಎಳೆತಕ್ಕೆ ಸರಾಸರಿ ಎಷ್ಟು ಸಿಕ್ಕವೆಂಬುದೇ ಸೂಚ್ಯಂಕ. ದೀರ್ಘಕಾಲದ ಸರಾಸರಿ ಸುಮಾರು 11. ಅತ್ಯಧಿಕವೆಂದರೆ 1996ರ 59.4, ಅತಿ ಕಡಿಮೆ 2012ರ 0.9. ವಿಧಾನ ಸರಳ, ಖರ್ಚು ಕಡಿಮೆ. ಮೂರು ನಾಲ್ಕು ವರ್ಷದ ಬಳಿಕ ಮೀನುಗಾರರ ಬಲೆಗೆ ಏನು ಬರಲಿದೆ ಎಂಬುದನ್ನು ಇದು ಸಾಕಷ್ಟು ಸರಿಯಾಗಿ ಮುನ್ಸೂಚಿಸುತ್ತ ಬಂದಿದೆ. ವರ್ಜೀನಿಯಾದ ನದಿಗಳಲ್ಲಿಯೂ ಇಂತಹದೇ ಸಮೀಕ್ಷೆ ನಡೆಯುತ್ತದೆ. 1980ರ ದಶಕದ ನಡುವಿನಿಂದ ಮೀನುಗಳಿಗೆ ಗುರುತುಪಟ್ಟಿ ಕಟ್ಟಿ ಬಿಟ್ಟು ಅವುಗಳ ವಲಸೆ ಮತ್ತು ಸಾವಿನ ಪ್ರಮಾಣವನ್ನು ಅಳೆಯುವ ಕೆಲಸವೂ ಜೊತೆಗೂಡಿತು.

ನದಿ ಮತ್ತು ನೀರು

ಡೆಲವೇರ್ ನದಿಯಲ್ಲಿ ಫಿಲಡೆಲ್ಫಿಯಾ ಸುತ್ತಲಿನ ಕೊಳಚೆಯಿಂದಾಗಿ ಬೇಸಗೆಯಲ್ಲಿ ಆಮ್ಲಜನಕವೇ ಇಲ್ಲದ ನೀರಿನ ಪಟ್ಟಿ ಉಂಟಾಗುತ್ತಿತ್ತು. ಅದು ಮೊಟ್ಟೆಯಿಡುವ ನೆಲೆಯನ್ನೇ ಕೆಡಿಸಿತ್ತು. 1972ರ ಶುದ್ಧ ನೀರು ಕಾಯ್ದೆಯ ನಂತರ ಕೊಳಚೆ ಸಂಸ್ಕರಣೆ ಸುಧಾರಿಸಿ, ಈ ನದಿಯ ಸಂತತಿ ಮತ್ತೆ ಚಿಗುರಿತು. ನೀರಿನ ಸುಧಾರಣೆಯಿಂದಲೇ ಚೇತರಿಕೆ ಬಂದ ಸ್ಪಷ್ಟ ಉದಾಹರಣೆ ಇದು.

ಹಡ್ಸನ್ ನದಿಯ ಕತೆ ವಿಚಿತ್ರ. ಕಾರ್ಖಾನೆಗಳಿಂದ ಬಂದ ಪಿಸಿಬಿ ರಾಸಾಯನಿಕ ಮೀನಿನ ಕೊಬ್ಬಿನಲ್ಲಿ ಶೇಖರವಾದ್ದರಿಂದ 1976ರಲ್ಲಿ ಅಲ್ಲಿ ಪಟ್ಟೆ ಬಾಸ್ ಮಾರಾಟದ ಮೀನುಗಾರಿಕೆ ನಿಂತಿತು. ತಿನ್ನಲು ಯೋಗ್ಯವಲ್ಲದ ಮೀನೆಂಬ ಕಾರಣಕ್ಕೆ ಅದು ಬಲೆಯಿಂದ ಪಾರಾಯಿತು. ಅದೇ ನದಿಯಲ್ಲಿ ಈ ಮೀನು ದೊಡ್ಡ ಕಾಮಗಾರಿಗಳಿಗೂ ಅಡ್ಡ ನಿಂತಿದೆ. ಸ್ಟಾರ್ಮ್ ಕಿಂಗ್ ಬೆಟ್ಟದ ಜಲವಿದ್ಯುತ್ ಯೋಜನೆ ಮೊಟ್ಟೆ ಮರಿಗಳನ್ನು ಹೀರಿಕೊಳ್ಳುತ್ತದೆಂಬುದು ದೀರ್ಘ ವ್ಯಾಜ್ಯದ ಮುಖ್ಯ ವಿಷಯಗಳಲ್ಲೊಂದಾಗಿ, 1980ರ ಒಪ್ಪಂದದಲ್ಲಿ ಯೋಜನೆ ರದ್ದಾಯಿತು. ನ್ಯೂಯಾರ್ಕ್ ನಗರದಲ್ಲಿ ನದಿಯ ಅಂಚನ್ನು ತುಂಬಿ ಕಟ್ಟಬೇಕಿದ್ದ ವೆಸ್ಟ್‌ವೇ ಹೆದ್ದಾರಿಯನ್ನು 1985ರಲ್ಲಿ ಕೈಬಿಟ್ಟದ್ದಕ್ಕೂ ಎಳೆಯ ಪಟ್ಟೆ ಬಾಸ್‌ಗಳು ಅಲ್ಲಿ ಚಳಿಗಾಲ ಕಳೆಯುತ್ತವೆಂಬ ಅಧ್ಯಯನವೇ ಕಾರಣ.

ಉತ್ತರ ಕ್ಯಾರೊಲೈನಾದ ರೊವನೋಕ್ ನದಿಯಲ್ಲಿ ಮೊಟ್ಟೆಯಿಡುವ ಕಾಲಕ್ಕೆ ಅಣೆಕಟ್ಟಿನಿಂದ ನೀರು ಬಿಡುವ ಕ್ರಮವನ್ನೇ ಬದಲಿಸಲಾಯಿತು. 1997ರಲ್ಲಿ ಅಲ್ಲಿನ ಸಂತತಿ ಚೇತರಿಸಿಕೊಂಡಿತೆಂದು ಘೋಷಿಸಿದರೂ ಇತ್ತೀಚೆಗೆ ಅದು ಮತ್ತೆ ಕುಸಿದಿದೆ.

ಮರಿ ಬಿತ್ತನೆ

ನಿಷೇಧದ ವರ್ಷಗಳಲ್ಲಿ ಮೇರಿಲ್ಯಾಂಡ್, ವರ್ಜೀನಿಯಾ ಮತ್ತು ಕೇಂದ್ರದ ಮೀನು ಹಾಗೂ ವನ್ಯಜೀವಿ ಸೇವೆ ಸೇರಿ ಕೊಳಗಳಲ್ಲಿ ಬೆಳೆಸಿದ ಮರಿಗಳನ್ನು ನದಿಗಳಿಗೆ ಬಿಟ್ಟವು. ಮೀನು ತೀರಾ ವಿರಳವಾಗಿದ್ದ ಪಟಕ್ಸೆಂಟ್‌ನಂತಹ ನದಿಗಳಲ್ಲಿ ಬಿತ್ತಿದ ಮರಿಗಳು ಎದ್ದು ಕಂಡವು. ಇಡೀ ಕೊಲ್ಲಿಯ ಚೇತರಿಕೆಯಲ್ಲಿ ಅವುಗಳ ಪಾಲು ಕಡಿಮೆ. 1989ರ ನಂತರ ಕಾಡು ಮರಿಗಳ ಸಂಖ್ಯೆಯೇ ಅವುಗಳನ್ನು ಮುಳುಗಿಸಿತು. ಸಂತತಿ ಪೂರ್ತಿ ಅಳಿದ ಕಡೆ ಮಾತ್ರ ಬಿತ್ತನೆ ಅನಿವಾರ್ಯ. ಸೇಂಟ್ ಲಾರೆನ್ಸ್ ನದಿಯಲ್ಲಿ 1960ರ ದಶಕದ ಹೊತ್ತಿಗೆ ಕಣ್ಮರೆಯಾಗಿದ್ದ ಪಟ್ಟೆ ಬಾಸ್ ಮೀನನ್ನು 2002ರಿಂದ ಮಿರಮಿಶಿ ನದಿಯ ಮೀನುಗಳನ್ನು ತಂದು ಮತ್ತೆ ನೆಲೆಗೊಳಿಸಲಾಯಿತು.

ಆಹಾರ ಮೀನು ಮತ್ತು ರೋಗ

ಬೇಟೆ ಮೀನು ಹೆಚ್ಚಾದಾಗ ಅದಕ್ಕೆ ಆಹಾರವಾಗುವ ಮೀನೂ ಹೆಚ್ಚಿರಬೇಕು. ಚೆಸಪೀಕ್‌ನಲ್ಲಿ ಆ ಸ್ಥಾನ ಮೆನ್‌ಹೇಡನ್‌ದು. ಎಣ್ಣೆ ಮತ್ತು ಮೀನುಹಿಟ್ಟಿಗಾಗಿ ವರ್ಜೀನಿಯಾದ ರೀಡ್‌ವಿಲ್‌ನಿಂದ ಹೊರಡುವ ದೊಡ್ಡ ಹಡಗುಗಳು ಇದನ್ನು ಹಿಡಿಯುತ್ತವೆ. 1990ರ ದಶಕದ ಕೊನೆಗೆ ಕೊಲ್ಲಿಯಲ್ಲಿ ಬಡಕಲು ಪಟ್ಟೆ ಬಾಸ್‌ಗಳೂ ಮೈಮೇಲೆ ಹುಣ್ಣುಗಳಿರುವವೂ ಕಾಣಿಸಿಕೊಂಡವು. 1997ರಲ್ಲಿ ಮೈಕೊಬ್ಯಾಕ್ಟೀರಿಯಾದ ಸೋಂಕು ಪತ್ತೆಯಾಯಿತು. ಬೇಸಗೆಯಲ್ಲಿ ಮೇಲಿನ ನೀರು ಅತಿ ಬಿಸಿಯಾಗುವುದು, ತಳದ ತಂಪು ನೀರಿನಲ್ಲಿ ಆಮ್ಲಜನಕ ಇಲ್ಲದಿರುವುದು, ಇವೆರಡರ ನಡುವೆ ಮೀನಿಗೆ ಉಳಿಯುವ ಜಾಗ ಕಿರಿದಾಗುವುದು ರೋಗವನ್ನು ಹೆಚ್ಚಿಸುತ್ತದೆಂದು ಅಧ್ಯಯನಗಳು ಹೇಳುತ್ತವೆ. 2020ರಲ್ಲಿ ಆಯೋಗವು ಮೆನ್‌ಹೇಡನ್ ಹಿಡುವಳಿಯ ಮಿತಿಯನ್ನು ಪಟ್ಟೆ ಬಾಸ್‌ನ ಆಹಾರದ ಅಗತ್ಯಕ್ಕೆ ಜೋಡಿಸಿತು. ಒಂದು ಮೀನಿನ ಕೋಟಾವನ್ನು ಇನ್ನೊಂದರ ಹಸಿವಿನಿಂದ ಲೆಕ್ಕ ಹಾಕಿದ ಉದಾಹರಣೆಗಳು ಮೀನುಗಾರಿಕಾ ಆಡಳಿತದಲ್ಲಿ ವಿರಳ.

ಬಳಕೆ

ಪಟ್ಟೆ ಬಾಸ್ ಬಿಳಿ ಮಾಂಸದ, ಬೆಲೆಬಾಳುವ ಮೀನು. ಅಮೆರಿಕದ ಅಂಗಡಿಗಳಲ್ಲಿ ಸಿಗುವ ಸಾಕಣೆಯ ಪಟ್ಟೆ ಬಾಸ್ ಬಹುತೇಕ ಬಿಳಿ ಬಾಸ್‌ನೊಂದಿಗೆ ಮಾಡಿದ ಮಿಶ್ರತಳಿ. ಇದನ್ನು 1960ರ ದಶಕದಲ್ಲಿ ದಕ್ಷಿಣ ಕ್ಯಾರೊಲೈನಾದಲ್ಲಿ ಮೊದಲು ರೂಪಿಸಿದರು. ಕಾಡು ಮೀನಿನ ಸಾವಿನ ದೊಡ್ಡ ಪಾಲು ಇಂದು ಮಾರುಕಟ್ಟೆಗಲ್ಲ, ಹವ್ಯಾಸಿ ಗಾಳಗಾರರಿಗೆ ಸೇರುತ್ತದೆ. ಗಾಳಕ್ಕೆ ಸಿಕ್ಕ ಮೀನನ್ನು ಬಿಟ್ಟುಬಿಟ್ಟರೂ ನೂರಕ್ಕೆ ಒಂಬತ್ತು ಸಾಯುತ್ತವೆಂದು ಆಯೋಗ ಲೆಕ್ಕ ಹಿಡಿಯುತ್ತದೆ. ಬಿಡುವ ಮೀನುಗಳ ಸಂಖ್ಯೆ ಬಹಳವಾದ್ದರಿಂದ, 2017ರಲ್ಲಿ ಮೀನುಗಾರಿಕೆಯಿಂದಾದ ಒಟ್ಟು ಸಾವಿನ ಅರ್ಧಕ್ಕೆ ಹತ್ತಿರದಷ್ಟು ಹೀಗೆ ಬಿಟ್ಟ ಮೀನುಗಳದ್ದೇ ಆಗಿತ್ತು.

ಇತರ ಕರಾವಳಿಗಳು

ಸ್ವೀಡನ್ನಿನ ಬಾಲ್ಟಿಕ್ ತೀರದಲ್ಲಿ ಪೈಕ್ ಮತ್ತು ಪರ್ಚ್ ಮೀನುಗಳು ಕುಗ್ಗಿ, ಅವುಗಳ ಆಹಾರವಾಗಿದ್ದ ಸ್ಟಿಕಲ್‌ಬ್ಯಾಕ್ ಎಂಬ ಸಣ್ಣ ಮೀನು ಹೆಚ್ಚಿದೆ. ಅದು ಪೈಕ್ ಮತ್ತು ಪರ್ಚ್‌ಗಳ ಮೊಟ್ಟೆ ಮರಿಗಳನ್ನೇ ತಿನ್ನುವುದರಿಂದ ಕುಸಿತ ಇನ್ನಷ್ಟು ಆಳವಾಗುತ್ತದೆ. ಅಲ್ಲಿ ಪೈಕ್ ಮೊಟ್ಟೆಯಿಡಲೆಂದು ಜೌಗು ಪ್ರದೇಶಗಳನ್ನು ಮತ್ತೆ ನಿರ್ಮಿಸಿದ್ದಾರೆ. ಫ್ಲಾರಿಡಾದಲ್ಲಿ 1990ರಿಂದ ಹಿಡಿಯಲು ನಿಷೇಧವಿದ್ದ ಗೋಲಿಯತ್ ಮುರು ಮೀನಿಗೆ 2023ರಿಂದ ಅತಿ ಸೀಮಿತ ಅನುಮತಿ ನೀಡಲಾಗಿದೆ.

ಕರ್ನಾಟಕದ ಕರಾವಳಿಯಲ್ಲಿ ರಕ್ಷಣೆಯ ರೂಪ ಬೇರೆ. 1986ರ ಕರ್ನಾಟಕ ಸಾಗರ ಮೀನುಗಾರಿಕೆ (ನಿಯಂತ್ರಣ) ಕಾಯ್ದೆಯ ಚೌಕಟ್ಟಿನಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ರಜೆ ಇರುತ್ತದೆ. ಒಂದೇ ಬಲೆಗೆ ಅಂಜಲ್, ಬಂಗುಡೆ, ಭೂತಾಯಿ ಎಲ್ಲವೂ ಬರುವ ಉಷ್ಣವಲಯದ ಕಡಲಿನಲ್ಲಿ ಒಂದು ಜಾತಿಯ ಒಂದು ಪೀಳಿಗೆಯನ್ನು ಬೇರ್ಪಡಿಸಿ ಕಾಯುವ ವಿಧಾನ ನಡೆಯುವುದು ಕಷ್ಟ. ಇಲ್ಲಿನ ಅಳಿವೆಗಳ ಬೇಟೆ ಮೀನಾದ ಕುರುಡಿಯ ಜೀವನಚಕ್ರ ಪಟ್ಟೆ ಬಾಸ್‌ಗೆ ತಿರುವುಮುರುವು: ಮೊಟ್ಟೆ ಉಪ್ಪುನೀರಿನಲ್ಲಿ, ಬೆಳವಣಿಗೆ ಅಳಿವೆ ಮತ್ತು ಸಿಹಿನೀರಿನಲ್ಲಿ.

ಪ್ರಸ್ತುತ ಸ್ಥಿತಿ

2000ದ ದಶಕದ ಆರಂಭದಲ್ಲಿ ತುತ್ತತುದಿಗೆ ಏರಿದ ಪಟ್ಟೆ ಬಾಸ್ ಸಂತತಿ ಅನಂತರ ನಿಧಾನವಾಗಿ ಇಳಿಯಿತು. 2019ರಲ್ಲಿ ಪ್ರಕಟವಾದ ಮೌಲ್ಯಮಾಪನದ ಪ್ರಕಾರ 2017ರಲ್ಲಿ ಮೊಟ್ಟೆಯಿಡುವ ಹೆಣ್ಣುಗಳ ಒಟ್ಟು ತೂಕ ಸುಮಾರು 68,500 ಟನ್. ಇರಬೇಕಾದ ಕನಿಷ್ಠ ಮಿತಿ ಸುಮಾರು 91,400 ಟನ್. ಹವ್ಯಾಸಿಗಳ ಹಿಡುವಳಿಯನ್ನು ಹೊಸ ವಿಧಾನದಿಂದ ಎಣಿಸಿದಾಗ ಅದು ಹಿಂದೆ ಅಂದುಕೊಂಡದ್ದಕ್ಕಿಂತ ಬಹಳ ಹೆಚ್ಚಾಗಿತ್ತೆಂಬುದೂ ಆಗಲೇ ಗೊತ್ತಾಯಿತು. 2029ರೊಳಗೆ ಸಂತತಿಯನ್ನು ಗುರಿಗೆ ಮುಟ್ಟಿಸುವುದು ಈಗಿನ ಯೋಜನೆ.

2020ರಲ್ಲಿ ಸಮುದ್ರದ ಹವ್ಯಾಸಿ ಗಾಳಗಾರರಿಗೆ 28ರಿಂದ 35 ಅಂಗುಲದೊಳಗಿನ ಒಂದು ಮೀನನ್ನಷ್ಟೇ ಇಟ್ಟುಕೊಳ್ಳುವ ನಿಯಮ ಬಂತು. ಹೆಚ್ಚು ಮೊಟ್ಟೆಯಿಡುವ ದೊಡ್ಡ ಹೆಣ್ಣುಗಳು ಉಳಿಯಲಿ ಎಂಬುದು ಉದ್ದೇಶ. 2022ರಲ್ಲಿ 2015ರ ದೊಡ್ಡ ಪೀಳಿಗೆ ಈ ಅಳತೆಯೊಳಗೆ ಬೆಳೆದು ಬಂದು ಹವ್ಯಾಸಿ ಹಿಡುವಳಿ ಒಮ್ಮೆಲೇ ಏರಿದ್ದರಿಂದ, 2023ರಲ್ಲಿ ತುರ್ತಾಗಿ ಮೇಲಿನ ಮಿತಿಯನ್ನು 31 ಅಂಗುಲಕ್ಕೆ ಇಳಿಸಲಾಯಿತು. ಮೀನಿನ ಗಂಟಲಿಗೆ ಇಳಿಯದೆ ಬಾಯಂಚಿಗೆ ಸಿಕ್ಕಿಕೊಳ್ಳುವ ಬಾಗುಗಾಳ 2021ರಿಂದ ಎರೆ ಹಾಕಿ ಹಿಡಿಯುವವರಿಗೆ ಕಡ್ಡಾಯ. ಮೇರಿಲ್ಯಾಂಡ್ 2024ರಲ್ಲಿ ವಸಂತದ ದೊಡ್ಡ ಮೀನಿನ ಋತುವನ್ನೇ ರದ್ದುಮಾಡಿತು.

ಮೊದಲ ಸುತ್ತಿಗೂ ಈಗಿನದಕ್ಕೂ ಇರುವ ವ್ಯತ್ಯಾಸ ನದಿಯಲ್ಲಿದೆ. 1980ರ ದಶಕದಲ್ಲಿ ಹೆಣ್ಣುಗಳೇ ವಿರಳವಾಗಿದ್ದವು. ಈಗ ಆ ಕಾಲಕ್ಕಿಂತ ಹಲವು ಪಟ್ಟು ಹೆಣ್ಣುಗಳು ನದಿಯೇರಿದರೂ ಮರಿಗಳು ಉಳಿಯುತ್ತಿಲ್ಲ. ಮೇರಿಲ್ಯಾಂಡ್‌ನ ಸೂಚ್ಯಂಕ 2019ರಿಂದ ಸತತವಾಗಿ ಸರಾಸರಿಗಿಂತ ಬಹಳ ಕೆಳಗಿದೆ, 2023ರಲ್ಲಿ 1.0, 2024ರಲ್ಲಿ 2.0. ಬೆಚ್ಚಗಿನ ಚಳಿಗಾಲಗಳು ಮುಖ್ಯ ಕಾರಣವೆಂದು ಗುರುತಿಸಲಾಗಿದೆ. ಹೊರಗಿನಿಂದ ತಂದುಬಿಟ್ಟ ನೀಲಿ ಕ್ಯಾಟ್‌ಫಿಶ್ ಚೆಸಪೀಕ್‌ನ ನದಿಗಳಲ್ಲಿ ಹರಡಿರುವುದು ಇನ್ನೊಂದು ಆತಂಕ. ಸೂಚ್ಯಂಕ ಬಡವಾಗಿದ್ದ ಈ ವರ್ಷಗಳ ಮೀನುಗಳು ಈಗ ಒಂದೊಂದಾಗಿ ಮೊಟ್ಟೆಯಿಡುವ ಪ್ರಾಯಕ್ಕೆ ಬರುತ್ತಿವೆ.